ನಿಮಗಿದು ಗೊತ್ತೇ? ಕರುಳಿನ ಕೋಶಗಳ ಹಿಡಿತ ತಪ್ಪಿದಾಗ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಹೊಗೆಸೊಪ್ಪಿನ ಸೀಮೆ. ಬೀಡಿ, ಸಿಗರೇಟು ಬಾಯಿಗೂ ಶ್ವಾಸಕೋಶಕ್ಕೂ ಕೇಡೆಂದು ಇಲ್ಲಿ ಎಲ್ಲರೂ ಬಲ್ಲರು. ಧೂಮಪಾನ ದೊಡ್ಡ ಕರುಳಿನ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2009ರಲ್ಲೇ ತೀರ್ಮಾನಿಸಿತು. ಈ ಮಾತು ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಆ ಕ್ಯಾನ್ಸರ್ ಕರುಳಿನೊಳಗೆ ಬೆಳೆಯುವ ಬಗೆ ಇಲ್ಲಿದೆ.

* ಕರುಳಿನ ಒಳಪದರದ ಜೀವಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸವು ಹುಟ್ಟುತ್ತವೆ.

* ಅವನ್ನು ಒಂದಕ್ಕೊಂದು ಬಿಗಿದಿಡುವ ಪ್ರೋಟೀನು ಇ-ಕ್ಯಾಡ್‌ಹೆರಿನ್. ಅದರ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಒಣಗಿಸಲು ಬ್ಯಾರನ್‌ಗೆ ಏರಿಸುವವರಿಗೆ ಗೊತ್ತು, ದಾರ ಸಡಿಲಾದರೆ ಎಲೆ ಜಾರುತ್ತದೆ. ಇ-ಕ್ಯಾಡ್‌ಹೆರಿನ್ ತಗ್ಗಿದಾಗ ಕ್ಯಾನ್ಸರ್ ಕೋಶವೂ ಹಾಗೆಯೇ ಕಳಚಿಕೊಂಡು ರಕ್ತದೊಡನೆ ಸಾಗುತ್ತದೆ. ಬಹಳ ಸಲ ಯಕೃತ್ತಿನಲ್ಲಿ ನೆಲೆಯೂರುತ್ತದೆ.

* ಇ-ಕ್ಯಾಡ್‌ಹೆರಿನ್‌ಗೆ ಕೋಶದೊಳಗಿನ ಆಸರೆ ಬೀಟಾ-ಕೆಟೆನಿನ್. ಈ ಪ್ರೋಟೀನು ಅಂಚಿನಲ್ಲಿದ್ದರೆ ಕಾವಲುಗಾರ. ಹೆಚ್ಚಾಗಿ ಕೋಶಕೇಂದ್ರಕ್ಕೆ ನುಗ್ಗಿದರೆ ‘ವಿಭಜಿಸು, ವಿಭಜಿಸು’ ಎಂದು ಆಜ್ಞೆ ಕೊಡುತ್ತದೆ. ಹೆಚ್ಚಾದದ್ದನ್ನು ನಾಶಮಾಡಿಸುವುದು 5ನೇ ವರ್ಣತಂತುವಿನಲ್ಲಿರುವ ಎಪಿಸಿ ವಂಶವಾಹಿಯ ಕೆಲಸ. 1991ರಲ್ಲಿ ಪತ್ತೆಯಾದ ಈ ವಂಶವಾಹಿ ಸುಮಾರು ಹತ್ತರಲ್ಲಿ ಎಂಟು ಕರುಳಿನ ಕ್ಯಾನ್ಸರುಗಳಲ್ಲಿ ಕೆಟ್ಟಿರುತ್ತದೆ. ಒಂದೇ ದೋಷ ಕೋಶದ ನಂಟನ್ನೂ ಬೆಳವಣಿಗೆಯನ್ನೂ ಮುಟ್ಟುವುದು ಹೀಗೆ.

* ಕರುಳಿನ ಕ್ಯಾನ್ಸರಿನ ಜಾಡು ಹಿಡಿಯಲು ಮಾಡುವ ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ‘ಸಿಇಎ’ ಕೂಡ ಕೋಶಗಳನ್ನು ಅಂಟಿಸುವ ಪ್ರೋಟೀನೇ, 1965ರಲ್ಲಿ ಕಂಡುಹಿಡಿದದ್ದು. ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದು ತುಸು ಏರಿರುತ್ತದೆ. ಹಾಗಾಗಿ ಈ ಒಂದು ಅಂಕಿ ನೋಡಿ ಹೆದರಬೇಡಿ, ನಿಶ್ಚಿಂತರೂ ಆಗಬೇಡಿ.

* ಸುಮಾರು ಹತ್ತರಲ್ಲಿ ನಾಲ್ಕು ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಕೆರಾಸ್ ಎಂಬ ವಂಶವಾಹಿ ಕೆಟ್ಟಿರುತ್ತದೆ. ಅಂಥವರಿಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಔಷಧ ಸಾಮಾನ್ಯವಾಗಿ ಕೆಲಸ ಮಾಡದು. ಈ ಚುಚ್ಚುಮದ್ದಿಗೆ ಸಾಲ ಮಾಡುವ ಮೊದಲು ಗಡ್ಡೆಯ ವಂಶವಾಹಿ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ.

* ಹೆಚ್ಚಿನವರಲ್ಲಿ ಈ ದೋಷಗಳು ಹುಟ್ಟಿನಿಂದ ಬಂದವಲ್ಲ, ಬಾಳಿನುದ್ದಕ್ಕೂ ಕೂಡಿಕೊಂಡವು. ಆದರೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿಯುವ ಲಿಂಚ್ ಸಿಂಡ್ರೋಮ್ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಪ್ಪನಿಗೋ ಅಕ್ಕನಿಗೋ 50 ವರ್ಷದೊಳಗೆ ಈ ಕಾಯಿಲೆ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

* ಕರುಳಿನ ಒಳಗೋಡೆಯ ಸಣ್ಣ ಗಂಟು, ಅಂದರೆ ಪಾಲಿಪ್, ಕ್ಯಾನ್ಸರಾಗಿ ಮಾಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಅಷ್ಟರೊಳಗೆ, ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಯಲ್ಲಿ ಕಂಡರೆ, ಹೊಟ್ಟೆ ಕೊಯ್ಯದೆ ಅಲ್ಲೇ ಕತ್ತರಿಸಿ ತೆಗೆಯಬಹುದು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನಾಟಿ ಔಷಧ ತೆಗೆದುಕೊಂಡು ಸುಮ್ಮನಾಗಬೇಡಿ. ಹೊಗೆಸೊಪ್ಪಿನ ಹರಾಜು ಮುಗಿಯಲಿ ಎಂದು ಕಾಯಲೂ ಬೇಡಿ. ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.