ಕುಮಾರಪರ್ವತಕ್ಕೆ ಒಂದು ಹಗಲಿನ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯವರಾದ ನಮಗೆ ಬೆಟ್ಟವೆಂಬುದು ಪಠ್ಯಪುಸ್ತಕದ ಮಾತು. ಪರಸಿಕಲ್ಲಿನ ಗಣಿಯಲ್ಲಿ ಇಳಿದು ಬಲ್ಲೆವೇ ಹೊರತು ಏರಿ ಬಲ್ಲವರಲ್ಲ. ಚಿಂಚೋಳಿಯವರು ಮಾತ್ರ ಈ ಮಾತಿಗೆ ತಕರಾರು ತೆಗೆಯಬಹುದು. ಅವರಿಗೆ ಚಂದ್ರಂಪಳ್ಳಿಯ ಸುತ್ತಿನ ಗುಡ್ಡಗಳಿವೆ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡಿದೆ. ಆದರೆ ಸಹ್ಯಾದ್ರಿಯ ಶಿಖರವೇ ಬೇರೆ. ನಮ್ಮ ತರಗತಿಯ ಕೆಲವರು ಈ ವರ್ಷ ಕುಮಾರಪರ್ವತದ ಮಾತು ಎತ್ತಿರುವುದರಿಂದ, ಒಂದೇ ಹಗಲಿನಲ್ಲಿ ಹತ್ತಿ ಇಳಿಯುವುದನ್ನು ಹೇಗೆ ಯೋಜಿಸಬೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಪರ್ವತದ ಎತ್ತರ 1712 ಮೀಟರು. ಇದನ್ನು ಕೇಳಿ ಹೆದರಬೇಕಾದ ಕಾರಣವಿಲ್ಲ, ಏಕೆಂದರೆ ಕಾಲಿಗೆ ಸಮುದ್ರಮಟ್ಟದಿಂದ ಎಷ್ಟು ಎಂಬುದು ಗೊತ್ತಾಗದು. ಹೊರಟ ಸ್ಥಳದಿಂದ ಎಷ್ಟು ಎಂಬುದೇ ಗೊತ್ತಾಗುವುದು. ಇಲ್ಲಿಯೇ ಒಂದು ವಿಚಿತ್ರವಿದೆ. ನಮ್ಮ ಸೇಡಂ ಬಯಲುಸೀಮೆಯಾದರೂ 400 ಮೀಟರಿಗಿಂತ ತುಸು ಮೇಲಿದೆ. ಬೆಟ್ಟದ ಬುಡದ ಕುಕ್ಕೆ ಸುಬ್ರಹ್ಮಣ್ಯವಾದರೋ ಸುಮಾರು 120 ಮೀಟರಿನಲ್ಲಿದೆ. ಅಂದರೆ ಬೆಟ್ಟ ಹತ್ತಲು ಹೊರಟ ನಾವು ಮೊದಲು ಇಳಿಯಬೇಕು; ಅಲ್ಲಿಂದ ಏರತಕ್ಕದ್ದು ಸುಮಾರು 1600 ಮೀಟರು.

ಸಮಯವನ್ನು ಅಳೆಯಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟಿದ್ದಾನೆ. ಈಗಿನ ಅಳತೆಯಲ್ಲಿ ಅದು ಹೀಗೆ: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಮತ್ತೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ ದಾರಿ ಸುಮಾರು 13 ಕಿಲೋಮೀಟರು. ನಡಿಗೆಗೆ ಎರಡೂವರೆ ಗಂಟೆಗೆ ತುಸು ಮೇಲೆ, ಏರಿಕೆಗೆ ಎರಡು ಗಂಟೆ ನಲವತ್ತು ನಿಮಿಷ; ಒಟ್ಟು ಐದೂಕಾಲು ಗಂಟೆ. ಆದರೆ ಸೂತ್ರವು ತಂಪು ದೇಶದ ಪಳಗಿದ ಕಾಲುಗಳಿಗೆ ಬರೆದದ್ದು. ಬೇರು, ಬಂಡೆ, ಬೆವರು, ಹೆಗಲ ಚೀಲ, ಕುಳಿತು ಉಸಿರು ಬಿಡುವುದು ಇವೆಲ್ಲಕ್ಕೆ ಅದರ ಅರ್ಧವನ್ನಾದರೂ ಕೂಡಿಸಿದರೆ ಎಂಟು ಗಂಟೆಯಾಯಿತು. ಇಳಿಯಲು ಐದು ಗಂಟೆಯೆಂದರೂ ಹದಿಮೂರು. ಡಿಸೆಂಬರಿನ ಹಗಲು ಅಲ್ಲಿ ಹನ್ನೊಂದೂವರೆ ಗಂಟೆಯದು. ಲೆಕ್ಕ ಕೂಡಲಿಲ್ಲ! ಪಳಗಿದವರು ಈ ದಾರಿಯಲ್ಲಿ ಒಂದೇ ದಿನಕ್ಕೆ ಹೋಗಿ ಬರುವುದುಂಟು. ಅವರನ್ನು ನೋಡಿ ನಾವು ಹೊರಡುವುದು ತರವಲ್ಲ.

ಮೊದಲು ಹಲವರು ಮೇಲೆ ಡೇರೆ ಹಾಕಿ ರಾತ್ರಿ ಕಳೆಯುತ್ತಿದ್ದರು. ಅದಕ್ಕೆ ಈಗ ಅವಕಾಶವಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಜನ ಜಾತ್ರೆಯಂತೆ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆಯು ಚಾರಣವನ್ನು ತಡೆದು, ಅನಂತರ ಮುಂಗಡವಾಗಿ ಆನ್‌ಲೈನ್ ಅನುಮತಿ ಪಡೆಯುವ ಕ್ರಮವನ್ನು ತಂದಿತು. ಆದುದರಿಂದ ರೈಲು ಟಿಕೆಟಿಗಿಂತ ಮೊದಲು ಅನುಮತಿ ಚೀಟಿ.

ಉಳಿದದ್ದು ಪೂರ್ವದ ಸೋಮವಾರಪೇಟೆಯ ಕಡೆಯ ದಾರಿ. ಬೀದಹಳ್ಳಿಯ ಬದಿಯಿಂದ ಹೊರಟರೆ ಏಳು ಕಿಲೋಮೀಟರಿನ ಆಸುಪಾಸು. ಆ ನೆಲವೇ ಎತ್ತರದ್ದಾದ್ದರಿಂದ ಏರಿಕೆಯೂ ಅರ್ಧಕ್ಕಿಂತ ಕಡಿಮೆ. ಅದೇ ಸೂತ್ರವನ್ನು ಅದೇ ಉದಾರತೆಯಿಂದ ಹಚ್ಚಿದರೂ ಹತ್ತಲು ನಾಲ್ಕು, ಇಳಿಯಲು ಮೂರು ಗಂಟೆ. ಬೆಳಿಗ್ಗೆ ಏಳಕ್ಕೆ ಹೊರಟವರು ಬೆಳಕಿರುವಾಗಲೇ ಬಂದಾರು. ಕುಕ್ಕೆಯ ಕಡೆಯ ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ ಇವು ತಪ್ಪುತ್ತವೆಂಬುದು ನಿಜ. ಶೇಷಪರ್ವತದಿಂದ ತಗ್ಗಿಗಿಳಿದು ಮತ್ತೆ ಏರುವ ಆ ದಾರಿಯಲ್ಲಿ, ಹಿಂದಿರುಗುವಾಗಲೂ ದಣಿದ ಕಾಲಿನಲ್ಲಿ ಒಂದು ಏರನ್ನು ಹತ್ತಬೇಕೆಂಬುದನ್ನು ನೆನೆದರೆ ನನಗಂತೂ ದುಃಖವಾಗದು.

ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾಡಿಯಲ್ಲಿ ರೈಲು ಹತ್ತಿದರೆ ಬೆಂಗಳೂರಿಗೆ ಒಂದು ರಾತ್ರಿ, ಅಲ್ಲಿಂದ ಕೊಡಗಿನ ಬಸ್ಸು. ನಿದ್ದೆಗೆಟ್ಟ ಕಣ್ಣಿನಲ್ಲಿ ಮರುದಿನವೇ ಏರತಕ್ಕದ್ದಲ್ಲ. ನಡುವೆ ಒಂದು ದಿನ ಬಿಡಬೇಕು. ಮಳೆಗಾಲದಲ್ಲಿ ದಾರಿಯನ್ನು ಮುಚ್ಚುತ್ತಾರೆ, ಜಿಗಣೆಗಳ ಕಾಟವೂ ಆಗಲೇ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯ ಭಯ. ನವೆಂಬರ್, ಡಿಸೆಂಬರ್ ಲೇಸು. ನೀರು ಒಬ್ಬರಿಗೆ ಮೂರು ಲೀಟರು. ನಾವು ಬಿಸಿಲಿನ ಮಕ್ಕಳೆಂಬ ಅಭಿಮಾನ ಇಲ್ಲಿ ಸಲ್ಲದು. ನಮ್ಮದು ಒಣ ಬಿಸಿಲು, ಬೆವರು ಆರಿ ಮೈ ತಣಿಯುತ್ತದೆ. ಮಲೆನಾಡಿನ ತೇವದ ಗಾಳಿಯಲ್ಲಿ ಬೆವರು ಆರದು, ಆದರೂ ಮೈಯ ನೀರು ಹೋಗುತ್ತಲೇ ಇರುತ್ತದೆ. ಬುತ್ತಿಯ ವಿಷಯದಲ್ಲಿ ಮಾತ್ರ ನಾವೇ ಭಾಗ್ಯವಂತರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹಗುರ, ಕೆಡವು, ಉಪ್ಪೂ ಉಂಟು.

ಎಲ್ಲಕ್ಕಿಂತ ಮುಖ್ಯವಾದುದು ಹಿಂದಿರುಗುವ ಗಳಿಗೆ. ಹನ್ನೆರಡೂವರೆಯೆಂದು ಊರಿನಲ್ಲಿದ್ದಾಗಲೇ ನಿಶ್ಚಯಿಸಬೇಕು, ಏಕೆಂದರೆ ಶಿಖರ ಕಣ್ಣೆದುರಿಗಿದ್ದಾಗ ಯಾರಿಗೂ ವಿವೇಕವಿರುವುದಿಲ್ಲ. ತಂಡದಲ್ಲಿ ಅತಿ ನಿಧಾನದವನೇ ಮುಂದೆ ನಡೆಯಲಿ. ಅವನು ಸಾಕೆಂದರೆ ಎಲ್ಲರೂ ಇಳಿಯಲಿ. ಅವನನ್ನು ಒಂದು ಮರದ ಕೆಳಗೆ ಕೂರಿಸಿ ಮುಂದೆ ಹೋಗುವ ಪದ್ಧತಿಯೇ ಅನೇಕ ಅನಾಹುತಗಳ ಮೂಲ.

ನಮ್ಮಲ್ಲಿ ಬಹುಮಂದಿ ಮನೆತನದಲ್ಲೇ ಮೊದಲು ಕಾಲೇಜಿಗೆ ಬಂದವರು. ಕೂಲಿಯ ದುಡ್ಡು ಒಟ್ಟುಹಾಕಿ ಓದಿಸಿದವರಿಗೆ ಈ ಹುಚ್ಚನ್ನು ತಿಳಿಯಹೇಳುವುದು ಸುಲಭವಲ್ಲ. “ದೇವರ ಗುಡಿ ಕೆಳಗೇ ಅದ, ಮ್ಯಾಲ ಹೋಗಿ ಏನು ಮಾಡ್ತಿ?” ಎಂದು ನನ್ನ ತಾಯಿ ಕೇಳಿದ್ದಾಳೆ. ಉತ್ತರ ನನಗಿನ್ನೂ ಹೊಳೆದಿಲ್ಲ. ಆದರೆ ಹೊರಡುವ ಮುನ್ನ ದಾರಿಯ ಹೆಸರು, ಜೊತೆಗಾರರ ಫೋನು ಸಂಖ್ಯೆ, ಇಳಿದು ಮುಟ್ಟುವ ಹೊತ್ತು ಇವನ್ನು ದಪ್ಪ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಬೇಕು. ಬೆಟ್ಟದಲ್ಲಿ ಫೋನು ಸಿಗದೆಂದೂ, ಸಂಜೆ ಆರರವರೆಗೆ ಕರೆ ಬಾರದಿದ್ದರೆ ಅಂಜಬೇಡಿರೆಂದೂ, ಎಂಟಾದರೂ ಬಾರದಿದ್ದರೆ 112ಕ್ಕೆ ತಿಳಿಸಿರೆಂದೂ ಅದರ ಕೆಳಗೇ ಬರೆಯಬೇಕು. ಓದು ಬಾರದ ಮನೆಯಾದರೆ ನೆರೆಯವರಿಗೆ ಓದಿ ಹೇಳಿ ಬರಬೇಕು.