ಹೊರಗೆ ಹೊಂಬಣ್ಣ, ಒಳಗೆ ಹಸಿಮಾಂಸ

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚಳಿಗೆ ಜಗ್ಗುವುದಿಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಅದರ ಬೆಳವಣಿಗೆ ನಿಲ್ಲುತ್ತದೆ, ಒಂದಷ್ಟು ಸಾಯುತ್ತವೆ. ಉಳಿದವು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಕೋಳಿಯಲ್ಲಿ ಅಷ್ಟೇ ಮಾಮೂಲಾದ ಕ್ಯಾಂಪಿಲೊಬ್ಯಾಕ್ಟರ್ ಇಷ್ಟು ಗಟ್ಟಿಯಲ್ಲ. ಅದು ತಗುಲಿದ ಹಿಂಡಿನ ಮಾಂಸವನ್ನು ಹೆಪ್ಪುಗಟ್ಟಿಸಿಯೇ ಮಾರುವ ಪದ್ಧತಿಯನ್ನು ಐಸ್‌ಲ್ಯಾಂಡ್ 2000ದ ಸುಮಾರಿಗೆ ತಂದಿತು.

ಎರಡೂ ಇರುವುದು ಕೋಳಿಯ ಕರುಳಿನಲ್ಲಿ. ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ ಅವು ಮಾಂಸಕ್ಕೆ ಹತ್ತುತ್ತವೆ. ಇಡೀ ತುಂಡಾದರೆ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತವೆ. ಕೊಚ್ಚಿದರೆ ಒಳಗೂ ಸೇರುತ್ತವೆ.

ಅಮೆರಿಕದ ಅಂಗಡಿಗಳಲ್ಲಿ ಸಿಗುವ, ಬೆಣ್ಣೆಯನ್ನೋ ಚೀಸನ್ನೋ ಒಳಗೆ ತುಂಬಿ ಬ್ರೆಡ್ ಪುಡಿ ಮೆತ್ತಿದ ಕೋಳಿ ತಿನಿಸಿನ ಕಥೆ ಇನ್ನೂ ವಿಚಿತ್ರ. ಕಾರ್ಖಾನೆಯಲ್ಲಿ ಅದನ್ನು ಕಾದ ಎಣ್ಣೆಯಲ್ಲಿ ಹಾಕಿ ಬೇಗ ತೆಗೆಯುತ್ತಾರೆ. ಪುಡಿ ಬಿಗಿಯಾಗಿ ಕೂತು ಹೊಂಬಣ್ಣಕ್ಕೆ ತಿರುಗುತ್ತದೆ, ಒಳಗಿನ ಮಾಂಸ ಮಾತ್ರ ಹಸಿ. ಪೊಟ್ಟಣ ಒಡೆದವರ ಕಣ್ಣಿಗೆ ಅದು ಕರಿದಿಟ್ಟ ತಿಂಡಿ, ಬಿಸಿ ಮಾಡಿದರೆ ಸಾಕು. ಮೈಕ್ರೋವೇವ್‌ನಲ್ಲಿ ಅಂಚು ಸುಡುವಷ್ಟು ಕಾದರೂ ನಡುಭಾಗ ತಣ್ಣಗೇ ಇರಬಹುದು. ಸಾಲ್ಮೊನೆಲ್ಲಾ ಸಾಯಬೇಕಾದರೆ ಆ ನಡುಭಾಗವೇ 74 ಡಿಗ್ರಿ ಮುಟ್ಟಬೇಕು.

1998ರಿಂದ ಈಚೆಗೆ ಈ ತಿನಿಸಿಗೆ ತಳಕು ಹಾಕಿಕೊಂಡ 14 ಸೋಂಕು ಹಾವಳಿಗಳಲ್ಲಿ ಸುಮಾರು 200 ಮಂದಿ ಕಾಯಿಲೆ ಬಿದ್ದರು. ದೇಶದ ಕೋಳಿ ಪೂರೈಕೆಯಲ್ಲಿ ಇದರ ಪಾಲು ಶೇ 0.15ಕ್ಕಿಂತ ಕಡಿಮೆ, ಕೋಳಿಯಿಂದಾದ ಹಾವಳಿಗಳಲ್ಲಿ ಮಾತ್ರ ಸುಮಾರು ಶೇ 5. ‘ಹಸಿ ಮಾಂಸ, ಚೆನ್ನಾಗಿ ಬೇಯಿಸಿ’ ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಎದ್ದುಕಾಣುವಂತೆ ಅಚ್ಚು ಹಾಕಿದ ಮೇಲೂ ಹಾವಳಿ ನಿಲ್ಲಲಿಲ್ಲ. ಕಣ್ಣೆದುರಿನ ಬಣ್ಣ ಒಂದು ಹೇಳುವಾಗ ಅಕ್ಷರದ ಮಾತು ಯಾರಿಗೆ ಬೇಕು?

ಕಾನೂನಿಗೂ ಬಹುಕಾಲ ಇದು ಅಡುಗೆಮನೆಯ ಹೊಣೆಯೇ ಆಗಿತ್ತು. ಅಮೆರಿಕದ ಗೃಹಿಣಿಯರು ದಡ್ಡರಲ್ಲ, ಅವರು ಬೇಯಿಸುವ ಕ್ರಮದಲ್ಲಿ ಸಾಮಾನ್ಯವಾಗಿ ಸಾಲ್ಮೊನೆಲ್ಲಾ ರೋಗ ಬರುವುದಿಲ್ಲ ಎಂಬ ಅರ್ಥದ ಮಾತು 1974ರ ಒಂದು ನ್ಯಾಯಾಲಯದ ತೀರ್ಪಿನಲ್ಲೇ ಇದೆ. ಕೊಚ್ಚಿದ ದನದ ಮಾಂಸದಲ್ಲಿ ಇ. ಕೊಲೈನ ಒಂದು ಅಪಾಯಕಾರಿ ತಳಿ ಕಂಡರೆ ಅದು ಕಲಬೆರಕೆ ಎಂದು 1994ರಲ್ಲೇ ಘೋಷಣೆಯಾದರೂ ಕೋಳಿಗೆ ಆ ನಿಯಮ ಬರಲಿಲ್ಲ. ಹಾವಳಿಗಳ ಸಾಲನ್ನೇ ಕಂಡ ಕೆನಡಾ, ಬ್ರೆಡ್ ಪುಡಿ ಮೆತ್ತಿದ ಹೆಪ್ಪುಗಟ್ಟಿದ ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಪತ್ತೆಗೆ ಸಿಗದಷ್ಟು ಕೆಳಗಿಳಿಯಬೇಕೆಂದು 2019ರ ಏಪ್ರಿಲ್ 1ರಿಂದ ಕಟ್ಟಳೆ ಮಾಡಿತು.

ಅಮೆರಿಕದ ಕೃಷಿ ಇಲಾಖೆಯ ನಿರ್ಧಾರ ಬಂದದ್ದು 2024ರ ಏಪ್ರಿಲ್‌ನಲ್ಲಿ: ಗ್ರಾಂಗೆ 1 ಅಥವಾ ಹೆಚ್ಚು ಸಾಲ್ಮೊನೆಲ್ಲಾ ಇದ್ದರೆ ಈ ತಿನಿಸು ಕಲಬೆರಕೆ. ಪರೀಕ್ಷೆ 2025ರ ಮೇ 1ರಿಂದ ಶುರುವಾಗಬೇಕಿತ್ತು. ಅದನ್ನು ನವೆಂಬರ್ 3ಕ್ಕೆ ಮುಂದೂಡಲಾಯಿತು. ಮಾದರಿ ತೆಗೆಯುವುದು ಹೂರಣ ತುಂಬಿ ಪುಡಿ ಮೆತ್ತುವ ಮೊದಲು. ಮಿತಿ ಮೀರಿದ ಮಾಂಸ ಈ ತಿನಿಸಿಗೆ ಒದಗುವಂತಿಲ್ಲ. ಬೇರೆ ಬಳಕೆಗೆ ಕಳಿಸಬಹುದು.