ಅಗಲ ಸ್ಕೀ, ಅಳುಕುವ ಮೊಣಕಾಲು

ಬೆಂಗಳೂರಲ್ಲಿ ಬೆಳೆದ ನನಗೆ ಹಿಮ ಅಂದ್ರೆ ಫ್ರಿಜ್‌ನ ಮೇಲಿನ ಖಾನೆ ಅಷ್ಟೇ ಆಗಿತ್ತು. ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿತ ಮೇಲೆ ಅದೇ ಹುಚ್ಚು. ಹೋದ ವರ್ಷ ಅಲ್ಲೇ ಮೊಣಕಾಲು ತಿರುಚಿಕೊಂಡೆ. ಭಾರದ ಸ್ಕೀ, ಆಳದ ಹಿಮ, ಸುಸ್ತಾದ ತೊಡೆ, ತಪ್ಪು ನನ್ನದೇ. ಒಂಬತ್ತು ತಿಂಗಳು ಫಿಸಿಯೋಥೆರಪಿ. 'ಇನ್ನಾದ್ರೂ ಸಾಕಲ್ವೇನೋ?' ಅಂದ್ರು ಅಮ್ಮ. ಸಾಕೋ ಇಲ್ವೋ ತಿಳ್ಕೊಳ್ಳೋಕೆ ಈ ಫೆಬ್ರವರಿಯಲ್ಲಿ ಹಗುರದ ಅಗಲ ಸ್ಕೀ ಬಾಡಿಗೆಗೆ ತಗೊಂಡು ಗೊಂಡೋಲಾ ಹತ್ತಿದೆ.

ಯಂತ್ರದಿಂದ ಸಪಾಟು ಮಾಡಿದ ಹಾದಿಯ ಸ್ಕೀ ನಡುವಿನಲ್ಲಿ ಸಾಮಾನ್ಯವಾಗಿ 70-80 ಮಿಲಿಮೀಟರ್ ಅಗಲ. ಇದು 108. ಎರಡೂ ತುದಿ ದೋಣಿಯ ಮೂತಿಯಂತೆ ಮೇಲೆದ್ದಿವೆ; ಇದಕ್ಕೆ ರಾಕರ್ ಅಂತಾರೆ. ಪುಡಿಹಿಮದಲ್ಲಿ ಮೂತಿ ಹೂತುಹೋಗಲ್ಲ, ತೇಲುತ್ತೆ. ತೂಕ ಒಂದೊಂದೂ 1.7 ಕೆಜಿ, ನನ್ನ ಹಳೇದು 2.2. ಅರ್ಧ ಕೆಜಿ ಏನು ಮಹಾ ಅನ್ನಬೇಡಿ, ಕಾಲಿಗೆ ಕಟ್ಟಿಕೊಂಡು ನೋಡಿ!

ಎರಡನೇ ಹಂತದ ಗೊಂಡೋಲಾ ನಮ್ಮನ್ನು ಇಳಿಸಿದ್ದು ಅಫರ್ವಾತ್ ಬೆಟ್ಟದ ಮೇಲೆ, ಸುಮಾರು 3,950 ಮೀಟರ್ ಎತ್ತರದಲ್ಲಿ. ಜೊತೆಗೊಬ್ಬ ಸ್ಥಳೀಯ ಗೈಡ್. ಬೆನ್ನಿಗೆ ಸಲಿಕೆ, ಉದ್ದನೆಯ ಪ್ರೋಬ್ ಕಡ್ಡಿ, ಎದೆಗೆ ಬೀಕನ್. ಹಿಮಪಾತದಲ್ಲಿ ಹೂತವರನ್ನು ಹುಡುಕೋದು ಇವುಗಳಿಂದಲೇ. ಹೊರಡೋ ಮುಂಚೆ ಗೈಡ್ ಎಲ್ಲರ ಬೀಕನ್ ಪರೀಕ್ಷಿಸಿದ. ನನ್ನದರಲ್ಲಿ ಬ್ಯಾಟರಿ ಸರಿಯಿದೆ ಅಂತ ಗೊತ್ತಿದ್ರೂ ಮತ್ತೊಮ್ಮೆ ನೋಡಿದೆ. ಹೆದರಿಕೆ, ಇನ್ನೇನು.

ಮೊದಲ ನಾಲ್ಕು ತಿರುವು ಮೊಣಕಾಲನ್ನೇ ಕೇಳಿಸಿಕೊಳ್ತಾ ಇಳಿದೆ. ಐದನೆಯದಕ್ಕೆ ಮರೆತೇಹೋಯ್ತು. ಹಳೆಯ ಸ್ಕೀಯಲ್ಲಿ ತಿರುಗೋಕೆ ಮುಂಚೆ ಯೋಚಿಸಬೇಕಿತ್ತು. ಇದು ಪಾದ ತುಸು ತಿರುಚಿದರೆ ಸಾಕು, ಹಿಂಭಾಗ ಜಾರಿಕೊಂಡು ಬಂದುಬಿಡುತ್ತೆ. ಕೆಳಗೆ ಫರ್ ಮರಗಳ ಸಂದಿಯಲ್ಲಂತೂ ಮಜಾನೋ ಮಜಾ. ಚಿಕ್ಕ ದಿಬ್ಬ ಕಂಡಲ್ಲೆಲ್ಲ ಹಾರಿದೆ. ಮೂವತ್ತನಾಲ್ಕರ ಇಂಜಿನಿಯರ್, ಕರುವಿನ ಥರ.

ಮಧ್ಯಾಹ್ನ ಬಣ್ಣ ಬಯಲಾಯ್ತು. ಎಲ್ಲರೂ ತುಳಿದ ಹಿಮ ನೆರಳಲ್ಲಿ ಗಟ್ಟಿಯಾಗಿ ಉಂಡೆಗಟ್ಟಿತ್ತು. ಭಾರದ ಸ್ಕೀ ಅದನ್ನು ಸೀಳಿಕೊಂಡು ಹೋಗುತ್ತೆ; ಇದು ಗುಂಡಿ ರಸ್ತೆಯ ಸ್ಕೂಟರ್‌ನಂತೆ ತಟತಟ ಅಂತ ಅದುರಿತು. ಒಂದು ಏಟು ನೇರ ಮೊಣಕಾಲಿಗೇ ಬಡಿಯಿತು. ನಿಂತುಬಿಟ್ಟೆ. ನೋವು ಹತ್ತು ನಿಮಿಷದಲ್ಲಿ ಇಳೀತು, ಆದ್ರೆ ಮತ್ತೆ ಮೇಲೆ ಹೋಗಲಿಲ್ಲ.

ಖರೀದಿ? ವರ್ಷಕ್ಕೊಂದೇ ಸಲ ಬರೋರು, ಒಂದೇ ಜೋಡಿ ಬೇಕು ಅನ್ನೋರು ಇನ್ನು ಸ್ವಲ್ಪ ತೂಕದ್ದೇ ನೋಡಿ. ನಾನು ಇದನ್ನೇ ಇನ್ನೆರಡು ದಿನ ಇಟ್ಕೊಂಡೆ, ಬೆಳಗಿನ ಹಿಮಕ್ಕೆ ಮಾತ್ರ. ಅಮ್ಮನಿಗೆ ಫೋನ್ ಮಾಡಿ ಕಾಲು ಚೆನ್ನಾಗಿದೆ ಅಂದೆ. ಹಾರಿದ್ದು ಹೇಳಲಿಲ್ಲ.